ಟವೆಲ್ ಒಗೆಯೋದೂ ಇಂಜಿನಿಯರಿಂಗೇ!

ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡಿರುವ ನಾವು ಮೂವರು ಭಾನುವಾರ ಅಕ್ಕಪಕ್ಕದವರ ಕಾರು ತೊಳೆದು, ಪಾಲಿಶ್ ಮಾಡಿ ಪಾಕೆಟ್ ಮನಿ ದುಡೀತೀವಿ. ಆದರೆ ಕಾರಿಗಿಂತ ಹೆಚ್ಚು ಹೊತ್ತು ಹಿಡಿಯೋದು ಮೈಕ್ರೋಫೈಬರ್ ಟವೆಲ್ ಒಗೆಯೋಕೆ. ನೋಡಿದವರು ನಗ್ತಾರೆ, ನಗಲಿ.

ಇದು ಹತ್ತಿ ಬಟ್ಟೆಯಲ್ಲ. ಪಾಲಿಯೆಸ್ಟರ್, ಪಾಲಿಅಮೈಡ್ ಸಾಮಾನ್ಯವಾಗಿ 80:20 ಅಥವಾ 70:30 ಪ್ರಮಾಣದಲ್ಲಿ ಸೇರಿರುತ್ತವೆ. ಎಳೆ 1 ಡೆನಿಯರ್‌ಗಿಂತ ತೆಳು. ಅಂದರೆ 9,000 ಮೀಟರ್ ಎಳೆ ತೂಗಿದರೂ ಒಂದು ಗ್ರಾಂ ಆಗಲ್ಲ! ಸೀಳಿದ ಈ ಎಳೆಗಳ ಸಂದಿಯಲ್ಲಿ ನೀರೂ ಕೂರುತ್ತೆ, ಧೂಳೂ ಕೂರುತ್ತೆ. ಹೋದ ವಾರದ ಮಣ್ಣಿನ ಕಣ ಒಳಗೇ ಉಳಿದರೆ ಈ ವಾರದ ಕಾರಿನ ಬಣ್ಣಕ್ಕೆ ಗೀರು ಬೀಳುತ್ತೆ.

ಅದಕ್ಕೇ ಬಾಡಿ ಒರೆಸಿದ್ದು ಒಂದು ಬಕೆಟ್‌ಗೆ, ಚಕ್ರ ಒರೆಸಿದ್ದು ಇನ್ನೊಂದಕ್ಕೆ. ಚಕ್ರದಲ್ಲಿ ಬ್ರೇಕಿನ ಕಬ್ಬಿಣದ ಪುಡಿ ಇರುತ್ತೆ. ಹತ್ತಿ ಬಟ್ಟೆ ಜೊತೆ ಹಾಕಿದರೆ ಅದರ ಜುಂಗು ಅಂಟುತ್ತೆ. ಫ್ಯಾಬ್ರಿಕ್ ಕಂಡಿಷನರ್ ಬೇಡವೇ ಬೇಡ, ಎಳೆಗೆ ಜಿಡ್ಡಿನ ಪದರ ಕೂತು ನೀರು ಹೀರೋದು ಕಮ್ಮಿಯಾಗುತ್ತೆ. ಲಿಕ್ವಿಡ್ ಸೋಪು, ಉಗುರುಬೆಚ್ಚಗಿನ ನೀರು, ಒಣಗಿಸೋಕೆ ನೆರಳು ಸಾಕು. ಪಾಲಿಯೆಸ್ಟರ್ ಕರಗೋದು ಸುಮಾರು 250 ಡಿಗ್ರಿಯಲ್ಲಾದರೂ, ಅದಕ್ಕೂ ಮೊದಲೇ ಎಳೆ ಹಾಳಾಗಿ ಟವೆಲ್ ಒರಟಾಗುತ್ತೆ, ಇಸ್ತ್ರಿ ಮುಟ್ಟಿಸಬೇಡಿ.

ಇನ್ನೊಂದು ವಿಷಯ. ಪ್ರತಿ ಸಲ ಒಗೆದಾಗಲೂ ಒಂದಷ್ಟು ಪ್ಲಾಸ್ಟಿಕ್ ಎಳೆ ಕಿತ್ತು ನೀರಿಗೆ ಸೇರುತ್ತೆ. ಪಕ್ಕದಲ್ಲೇ ತುಂಗೆ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ಎಷ್ಟೋ ಊರಿಗೆ ಕುಡಿಯುವ ನೀರಾಗುವವಳು. ಒಗೆದ ನೀರನ್ನು ನಾವು ಹಳೇ ಪಂಚೆಯಲ್ಲಿ ಸೋಸಿ, ಉಳಿದ ಜುಂಗನ್ನು ಕಸದ ಬುಟ್ಟಿಗೆ ಹಾಕ್ತೀವಿ. ಎಲ್ಲವೂ ನಿಲ್ಲಲ್ಲ, ಗೊತ್ತು. ಆದರೂ ಕಾರು ಹೊಳೆಯಲಿ ಅಂತ ಹೊಳೆ ಕೆಡಿಸೋಕಾಗುತ್ತಾ?