ಏರಿನಲ್ಲಿ ನಿಲ್ಲುವ ಗಾಡಿ

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿ ಏರು ಅನ್ನುವಂಥದ್ದು ಕಾಣಬೇಕಾದರೆ ಬಾತಿ ಗುಡ್ಡದ ಕಡೆಗೆ ಕತ್ತು ತಿರುಗಿಸಬೇಕು. ಮಿಕ್ಕಿದ್ದೆಲ್ಲ ಭದ್ರಾ ನಾಲೆಯ ನೀರುಂಡ ಸಮತಟ್ಟು ಗದ್ದೆ. ಹುಲ್ಲು ಬೆಳೆದರೆ ಅದಕ್ಕೆ ಎಮ್ಮೆ ಇದೆ. ಇಂಥ ಸೀಮೆಯಲ್ಲಿ ಕೂತು, ಪಿಟ್ಸ್‌ಬರ್ಗ್ ಹತ್ತಿರದ ಇಳಿಜಾರು ಹಿತ್ತಲಲ್ಲಿ ಹುಲ್ಲು ಕತ್ತರಿಸುವ ಗಾಡಿ ಯಾಕೆ ನಿಲ್ಲುತ್ತದೆಂದು ಪತ್ತೆ ಹಚ್ಚುವ ಯೋಗ ನಮ್ಮ ಸೋದರಮಾವನಿಗೆ ಬಂತು.

ಗಾಡಿ ಅವರ ಮಗನದು. ಸೀಟು, ಸ್ಟೇರಿಂಗು, ಹೊಟ್ಟೆಯಡಿ ಗರಗರ ತಿರುಗುವ ಬ್ಲೇಡು. "ಹುಲ್ಲು ಕೊಯ್ಯಾಕೂ ಕುಂತ್ಕಂಡೇ ಹೋಗಬೇಕೇನಲೇ?" ಎಂದು ಮಾವ ಮೊದಲು ನಕ್ಕರು. ಮಟ್ಟಸ ಜಾಗದಲ್ಲಿ ಚೆನ್ನಾಗಿ ಓಡುತ್ತದೆ, ಇಳಿಜಾರಿಗೆ ಹೋದರೆ ಸುಮ್ಮನಾಗುತ್ತದೆ ಎಂದು ಮಗ ಹೇಳಿದ್ದೇ ತಡ, ನಗು ನಿಲ್ಲಿಸಿ ಕನ್ನಡಕ ಒರೆಸಿಕೊಂಡರು.

ಮಾವ ಹರಿಹರದ ಕಿರ್ಲೋಸ್ಕರಿನವರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತುಗಳು ಒಂದು ಕಾಲಕ್ಕೆ ದೇಶದ ವರ್ಕ್‌ಶಾಪುಗಳ ತುಂಬ ಇದ್ದವು. ಈಗಲೂ ಎಲ್ಲೋ ಒಂದು ಹಳೆಯ 'ಎಂಟರ್‌ಪ್ರೈಸ್' ಓಡುತ್ತಿದೆ ಎಂದು ಕಿವಿಗೆ ಬಿದ್ದರೆ ಮಾವ ಅದರ ಯೋಗಕ್ಷೇಮ ವಿಚಾರಿಸುತ್ತಾರೆ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಆಮೇಲೆ ಅವರ ಕೈಗೆ ಸಿಕ್ಕಿದ್ದು ನಲ್ಲಿ, ಫ್ಯಾನು, ಮಿಕ್ಸಿ. ಈಚೆಗಂತೂ ಮಿಕ್ಸಿ ಕೆಟ್ಟರೆ ಅತ್ತೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ರಿಪೇರಿ ಅಂಗಡಿಗೆ ಸಾಗಿಸುತ್ತಿದ್ದರು.

ಭಾನುವಾರ ಸಂಜೆ ನಾನು ದಾವಣಗೆರೆಯಿಂದ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಮಾವನ ಮನೆಗೆ ಹೋಗುವಷ್ಟರಲ್ಲಿ ಮಗನ ಊರಿನಲ್ಲಿ ಬೆಳಗಾಗಿ, ವಿಡಿಯೊದಲ್ಲಿ ಗಾಡಿ ಹಾಜರಿರುತ್ತಿತ್ತು. ಮಾವನ ಹಳೆಯ ಪಾಳಿಯ ಗೆಳೆಯರೂ ಕುರ್ಚಿ ಎಳೆದುಕೊಂಡಿರುತ್ತಿದ್ದರು. ಎಲ್ಲರ ವಾದವೂ ಬಜಾಜ್ ಚೇತಕ್‌ನಿಂದಲೇ ಹೊರಡುತ್ತಿತ್ತು. ಆ ಸ್ಕೂಟರನ್ನು ವಾಲಿಸಿ ಕಿಕ್ ಹೊಡೆದವರಿಗೆ ಪೆಟ್ರೋಲಿನ ಸ್ವಭಾವ ಗೊತ್ತು. ಗಾಡಿ ಹೇಗೇ ಓರೆಯಾಗಲಿ, ಅದು ತನ್ನ ಮಟ್ಟ ಬಿಡುವುದಿಲ್ಲ. ಟ್ಯಾಂಕು ಅರೆಬರೆ ಇದ್ದರೆ ಎಣ್ಣೆಯೆಲ್ಲ ಒಂದು ಮೂಲೆಗೆ ಸರಿದು ಪೈಪಿನ ಬಾಯಿ ಗಾಳಿ ಹೀರುತ್ತದೆ. ತುಂಬಿಸಿದ್ದಾಯಿತು. ಮುಚ್ಚಳದ ಸಣ್ಣ ತೂತು ಕಟ್ಟಿದರೆ ಒಳಗೆ ಗಾಳಿ ಹೋಗದೆ ಪೆಟ್ರೋಲು ಇಳಿಯುವುದಿಲ್ಲ. ಅದನ್ನೂ ಊದಿಸಿದರು. ಕಾರ್ಬೊರೇಟರಿನ ಫ್ಲೋಟು ಓರೆಯಲ್ಲಿ ಅಂಟಿಕೊಳ್ಳುತ್ತದೆಂದು ಬಿಚ್ಚಿಸಿ ತೊಳೆಸಿದರು. ಗಾಡಿ ನಿಲ್ಲುವುದನ್ನು ಮಾತ್ರ ನಿಲ್ಲಿಸಲಿಲ್ಲ.

"ಏರು ಎಷ್ಟೈತೆ, ಅಳಿ" ಎಂದರು ಮಾವ. ಹಲಗೆ, ದಾರ, ದಾರದ ತುದಿಗೊಂದು ನಟ್ಟು. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ 15 ಡಿಗ್ರಿಯೇ ಗಡಿ. ಅಂದರೆ ಹತ್ತು ಅಡಿ ಹೋಗುವಷ್ಟರಲ್ಲಿ ಎರಡು ಅಡಿ ಎಂಟು ಇಂಚು ಏರಿರುತ್ತದೆ. ಲೇತಿನ ಮೇಲೆ ಟೇಪರ್ ಹೊಡೆದವರಿಗೆ ಈ ಲೆಕ್ಕಕ್ಕೆ ಕಾಗದ ಬೇಡ. ಹಿತ್ತಲು ಗಡಿಯೊಳಗೇ ಇತ್ತು.

"ಓಡಿಸು, ನೋಡೋಣ." ಸೊಸೆ ಫೋನು ಹಿಡಿದಳು. ಅವನು ಇಳಿಜಾರಿಗೆ ಅಡ್ಡಡ್ಡ ಹೊರಟ. ಮಾವ ಫೋನಿಗೆ ಮೂಗು ತಾಗಿಸಿ ನೋಡಿ ಕೂಗಿದರು: "ಲೇ, ಕುಂಡಿ ಎತ್ತಿದೆಯಲ್ಲೋ!"

ರೋಗ ಸಿಕ್ಕಿತು. ಸೀಟಿನಡಿ ಒಂದು ಸ್ವಿಚ್ಚು ಇರುತ್ತದೆ. ಬ್ಲೇಡು ತಿರುಗುವಾಗ ಸವಾರ ಎದ್ದರೆ, ಬಿದ್ದನೆಂದು ತಿಳಿದು ಇಂಜಿನ್ನು ಆರಿಸುತ್ತದೆ. ಉರುಳುವ ಭಯಕ್ಕೆ ಇವನು ಏರಿನ ಕಡೆಗೆ ಜರುಗಿ ಅರ್ಧ ಎದ್ದುಬಿಡುತ್ತಿದ್ದ, ಆಳೂ ಹಗುರ. "ಆ ವೈರು ಜಾಯಿಂಟ್ ಮಾಡಿಬಿಡಪ್ಪ" ಎಂದರು ಗೆಳೆಯರೊಬ್ಬರು. ಮಾವ ಅವರನ್ನು ದುರುಗುಟ್ಟಿ ನೋಡಿದರು. ಶಾಪಿನಲ್ಲಿ ಬೆರಳು ಹೋದದ್ದನ್ನು ಕಂಡವರು ಅವರು. "ಅಡ್ಡ ಓಡಿಸಬ್ಯಾಡ. ಮೇಲಕ್ಕೂ ಕೆಳಕ್ಕೂ ನೆಟ್ಟಗೆ ಹೋಗು, ನೆಟ್ಟಗೆ ಕುಂತ್ಕ." ಗಾಡಿಯ ಕೈಪಿಡಿಯೂ ಅದನ್ನೇ ಹೇಳಿತ್ತಂತೆ. ಅದನ್ನು ಓದಿ ಬಿಟ್ಟಿದ್ದರೆ ಇಷ್ಟೆಲ್ಲ ಸಂಭ್ರಮ ಎಲ್ಲಿರುತ್ತಿತ್ತು?

ಮುಂದಿನ ಭಾನುವಾರಗಳಲ್ಲಿ ಕರೆಗಳು ಮತ್ತೆ ಮೊದಲಿನಷ್ಟೇ ಗಿಡ್ಡವಾದವು. ಊಟ ಆಯ್ತಾ, ಮಳೆ ಬಂತಾ. ಗೆಳೆಯರು ಬರುವುದು ಬಿಟ್ಟರು. "ಗಾಡಿ ಹೆಂಗೈತೆ?" ಎಂದು ಮಾವ ಕೇಳುವುದು, "ಚೆನ್ನಾಗಿದೆ ಅಪ್ಪ, ಏನೂ ತೊಂದರೆ ಇಲ್ಲ" ಎಂದು ಅವನು ಹೇಳುವುದು. ಆ ಮಾತಿಗೆ ಮಾವನ ಮುಖ ಸಪ್ಪಗಾಗುವುದು ಅಲ್ಲಿಗೆ ಕಾಣುತ್ತದೋ ಇಲ್ಲವೋ.

ಮೊನ್ನೆ, ಚಳಿ ಬಂತು, ಇನ್ನು ವಸಂತದವರೆಗೆ ಹುಲ್ಲಿನ ಕೆಲಸವಿಲ್ಲ ಎಂದ ಮಗ. ಮಾವ ಮಂಡಕ್ಕಿ ಮೆಲ್ಲುತ್ತ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು:

"ಹಿಮ ತಳ್ಳೋದಕ್ಕೂ ಒಂದು ಮಿಷನ್ನು ಇರ್ತೈತಂತಲ್ಲ, ಅದನ್ನ ತಗಳ್ಳಲಿಲ್ಲವೇನೋ ನೀನು?"