ಅಪ್ಪನ ಮಳೆ ಪುಸ್ತಕ

ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಿಗೆ ಎರಡು ಕೆಲಸ ತಪ್ಪಿದ್ದಲ್ಲ. ಒಂದು, ಪ್ರಾರ್ಥನೆ ಹಾಡುವ ಹುಡುಗಿಯರನ್ನು ಹುಡುಕಿ ತರುವುದು, ಇನ್ನೊಂದು, ವಂದನಾರ್ಪಣೆ. ಪಾಠ ಹೇಳುವುದನ್ನೂ ಕೆಲಸವೆಂದು ಎಣಿಸುವವರಿದ್ದರೆ ಅದು ಮೂರನೆಯದು. ಕಳೆದ ತಿಂಗಳು ನಮ್ಮಲ್ಲಿ ಬೇರೆ ಬೇರೆ ವಿಭಾಗದವರು ತಮ್ಮ ಶಾಸ್ತ್ರದ ಒಂದೊಂದು ಸಂಶೋಧನೆಯನ್ನು ಎಲ್ಲರಿಗೂ ತಿಳಿಯುವ ಹಾಗೆ ಹೇಳಬೇಕೆಂದು ಗೊತ್ತಾದಾಗ, ಕೊನೆಗೆ ವಂದಿಸುವ ಭಾರ ನನ್ನ ಹೆಗಲಿಗೇ ಬಂತು. ಯಾವ ವಿಜ್ಞಾನಕ್ಕೂ ಸೇರದವನು ಎಲ್ಲ ವಿಜ್ಞಾನಗಳನ್ನೂ ಸಮನಾಗಿ ಹೊಗಳಬಲ್ಲನೆಂದು ನಮ್ಮ ಪ್ರಿನ್ಸಿಪಾಲರ ನಂಬಿಕೆ. ನಾನು ಹಿಂದಿನ ರಾತ್ರಿಯೇ ನಾಲ್ಕು ಒಳ್ಳೆಯ ಮಾತು ಬರೆದು ಜೇಬಿನಲ್ಲಿಟ್ಟುಕೊಂಡು, ಊಟವಾದ ಮೇಲೆ ಕಂಬದ ಮರೆಯ ಕುರ್ಚಿಯೊಂದನ್ನು ಹಿಡಿದು ಕುಳಿತೆ. ನಿದ್ದೆ ಬಂದರೆ ಬರಲಿ ಎಂಬ ಧೈರ್ಯವಿತ್ತು. ಬರಲಿಲ್ಲ.

ಮೊದಲು ಎದ್ದವರು ಭೌತಶಾಸ್ತ್ರದವರು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದ ಒಂದು ಗಾಜಿನ ಆಲಿಕೆಯ ಕಥೆ ಹೇಳಿದರು. 1927ರಲ್ಲಿ ಥಾಮಸ್ ಪಾರ್ನೆಲ್ ಎಂಬ ಪ್ರಾಧ್ಯಾಪಕರು ಪಿಚ್ ಎಂಬ, ಡಾಂಬರಿನ ಜಾತಿಯ ಕರಿಯ ವಸ್ತುವನ್ನು ಕಾಯಿಸಿ ಆ ಆಲಿಕೆಗೆ ಹೊಯ್ದರಂತೆ. ಸುತ್ತಿಗೆಯಿಂದ ಹೊಡೆದರೆ ಚೂರುಚೂರಾಗುವ ಈ ವಸ್ತುವೂ ಹರಿಯುತ್ತದೆ ಎಂದು ವಿದ್ಯಾರ್ಥಿಗಳಿಗೆ ತೋರಿಸುವುದು ಅವರ ಉದ್ದೇಶ. ಮೂರು ವರ್ಷ ಅದನ್ನು ತಣ್ಣಗೆ ಕೂರಲು ಬಿಟ್ಟು, 1930ರಲ್ಲಿ ಆಲಿಕೆಯ ತುದಿಯನ್ನು ಕತ್ತರಿಸಿದರು. ಮೊದಲ ಹನಿ ಬಿದ್ದದ್ದು 1938ರಲ್ಲಿ! 2014ರವರೆಗೆ ಬಿದ್ದವು ಒಟ್ಟು ಒಂಬತ್ತೇ ಹನಿ. ನೀರಿಗಿಂತ ಸುಮಾರು 23,000 ಕೋಟಿ ಪಟ್ಟು ಮಂದವಂತೆ. ಸೋಮವಾರದ ಮೊದಲ ಪೀರಿಯಡ್ಡಿಗೆ ಬರುವ ನಮ್ಮ ಹುಡುಗರು ನೆನಪಾಗಿ ನಾನು ಒಳಗೊಳಗೇ ನಕ್ಕೆ.

ನಗು ಬಹಳ ಹೊತ್ತು ನಿಲ್ಲಲಿಲ್ಲ. ಪಾರ್ನೆಲ್ಲರ ಕಾಲವಾದ ಮೇಲೆ, 1961ರಿಂದ ಆ ಆಲಿಕೆಯನ್ನು ಕಾದವರು ಜಾನ್ ಮೇನ್‌ಸ್ಟೋನ್. ಐವತ್ತು ವರ್ಷ ಕಾದರೂ ಅವರು ಒಂದೇ ಒಂದು ಹನಿ ಬೀಳುವುದನ್ನು ಕಣ್ಣಾರೆ ಕಾಣಲಿಲ್ಲ. 1988ರಲ್ಲಿ, ಇನ್ನೇನು ಬೀಳುತ್ತದೆ ಎನ್ನುವಾಗ, ಬಾಯಾರಿಕೆಗೆಂದು ಐದು ನಿಮಿಷ ಆಚೆ ಹೋದರು, ಅಷ್ಟರಲ್ಲಿ ಬಿತ್ತು. 2000ದಲ್ಲಿ ಕ್ಯಾಮೆರಾ ಇಟ್ಟರು. ಅದು ಆ ಹೊತ್ತಿಗೆ ಸರಿಯಾಗಿ ಕೆಟ್ಟಿತು. 2013ರಲ್ಲಿ ಅವರು ತೀರಿಕೊಂಡರು. ಒಂಬತ್ತನೆಯ ಹನಿ ಉದುರಿದ್ದು ಅದರ ಮರುವರ್ಷ. ತಾನು ಆರಂಭಿಸದ, ತನಗೆ ಫಲ ಕಾಣದ ಕೆಲಸವನ್ನು ಮನುಷ್ಯನೊಬ್ಬ ಜೋಪಾನ ಮಾಡಿ ಇನ್ನೊಬ್ಬನ ಕೈಗೆ ಒಪ್ಪಿಸಿ ಹೋದನಲ್ಲ ಎಂದು ನಾನು ನೆಟ್ಟಗೆ ಕುಳಿತೆ.

ಆಮೇಲೆ ಸಸ್ಯಶಾಸ್ತ್ರದ ಕಿರಿಯ ಅಧ್ಯಾಪಿಕೆಯೊಬ್ಬರು ಜಪಾನಿನ ಕ್ಯೋಟೋ ನಗರದ ಚೆರ್ರಿ ಹೂವಿನ ವಿಷಯ ಎತ್ತಿಕೊಂಡರು. ಆ ಹೂ ಯಾವಾಗ ಅರಳುತ್ತದೆಂಬುದು ಬಹುಮಟ್ಟಿಗೆ ಮಾರ್ಚ್ ತಿಂಗಳ ಬಿಸಿಲು ಚಳಿಗಳನ್ನು ಅವಲಂಬಿಸಿದೆ. ಯಾಸುಯುಕಿ ಅಓನೊ ಎಂಬ ವಿದ್ವಾಂಸರು ಹಳೆಯ ಅರಸರ, ಆಸ್ಥಾನಿಕರ, ಸನ್ಯಾಸಿಗಳ ದಿನಚರಿಗಳನ್ನೆಲ್ಲ ಹುಡುಕಿ, ಹೂವಿನ ಉತ್ಸವ ಯಾವ ವರ್ಷ ಯಾವ ದಿನ ನಡೆಯಿತೆಂದು ಆರಿಸಿ ಬರೆದರಂತೆ. ನಡುವೆ ಎಷ್ಟೋ ವರ್ಷಗಳ ಜಾಗ ಖಾಲಿ ಉಳಿದಿದ್ದರೂ, ಆ ಪಟ್ಟಿ ಕ್ರಿ.ಶ. 812ರವರೆಗೆ ಹಿಂದಕ್ಕೆ ಹೋಗುತ್ತದೆ. 2021ರಲ್ಲಿ ಹೂ ತುಂಬಿ ಅರಳಿದ್ದು ಮಾರ್ಚ್ 26ಕ್ಕೆ. ಸಾವಿರದ ಇನ್ನೂರು ವರ್ಷಗಳ ಆ ಪಟ್ಟಿಯಲ್ಲಿ ಅಲ್ಲಿಯವರೆಗೆ ಅಷ್ಟು ಬೇಗ ಅರಳಿದ ದಿನ ಬೇರೆ ಇರಲಿಲ್ಲ. ಬೆಳೆದ ನಗರದ ಕಾವು, ಲೋಕದ ಹವೆಯ ಕಾವು ಎರಡೂ ಅದರಲ್ಲಿ ಸೇರಿವೆ. “ಬರೆದಿಟ್ಟವರಿಗೆ ವಿಜ್ಞಾನದ ಯೋಚನೆಯೇ ಇರಲಿಲ್ಲ, ಅವರು ಹಬ್ಬದ ದಿನವನ್ನು ಬರೆದುಕೊಂಡಿದ್ದರು, ಅಷ್ಟೆ” ಎಂದು ಆಕೆ ಮುಗಿಸಿದರು.

ಜೇಬಿನಲ್ಲಿದ್ದ ವಂದನೆಯ ಕಾಗದ ನನಗೆ ಭಾರವಾಗತೊಡಗಿದ್ದು ಆಗಲೇ.

ಕೊನೆಗೆ ಸಮಾಜಶಾಸ್ತ್ರದವರು ನಮ್ಮ ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರ ಮಾತು ತೆಗೆದರು. 1948ರಲ್ಲಿ ಅವರು ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಬಿಡಾರ ಮಾಡಿ, ಅಲ್ಲಿಯ ಜಾತಿ, ಜಮೀನು, ಜಗಳ, ಸ್ನೇಹಗಳನ್ನೆಲ್ಲ ಬರೆದುಕೊಂಡರು. ರಾಮಪುರ ಎಂಬುದು ಅವರು ಆ ಹಳ್ಳಿಗೆ ಇಟ್ಟ ಹೆಸರು. ಹದಿನೆಂಟು ವರ್ಷ ತಿದ್ದಿ ಅಣಿಮಾಡಿದ ಟಿಪ್ಪಣಿಗಳ ಮೂರೂ ಪ್ರತಿಗಳು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಕೋಣೆಯಲ್ಲಿದ್ದಾಗ, 1970ರ ಏಪ್ರಿಲ್‌ನಲ್ಲಿ ಕಿಡಿಗೇಡಿಗಳು ಆ ಕಟ್ಟಡಕ್ಕೆ ಬೆಂಕಿಯಿಟ್ಟರು. ಟಿಪ್ಪಣಿಗಳು ಸುಟ್ಟು ಕರಿಕಾದವು. ಸಾಲ್ ಟ್ಯಾಕ್ಸ್ ಎಂಬ ಹಿರಿಯ ವಿದ್ವಾಂಸರು, ನೆನಪಿನಿಂದಲೇ ಬರೆಯಿರಿ ಎಂದರಂತೆ. ಹಾಗೆ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು.

ವಾಚಕರಿಗೆ ಈಗ ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ನಮ್ಮೂರು ಅರಸೀಕೆರೆಯ ಕಡೆಯದು. ಮಳೆಗೆ ಬಾಯಿಬಿಟ್ಟುಕೊಂಡು ಕೂರುವ ಸೀಮೆ. ನಮ್ಮಪ್ಪ ಅಲ್ಲಿ ಪ್ರೈಮರಿ ಸ್ಕೂಲಿನ ಮೇಷ್ಟ್ರು. 1971ರಿಂದ ಮೂವತ್ತೆಂಟು ವರ್ಷ ಅವರು ಉದ್ದನೆಯ ಲೆಕ್ಕದ ಪುಸ್ತಕಗಳಲ್ಲಿ ಒಂದು ಲೆಕ್ಕ ಬರೆದರು. ಭರಣಿ ಬಂತೇ, ರೋಹಿಣಿ ಕೈಕೊಟ್ಟಿತೇ, ಎಷ್ಟು ಹದ ಮಳೆ, ಹೊಂಗೆ ಎಂದು ಹೂ ಬಿಟ್ಟಿತು, ಕೆರೆ ಕೋಡಿ ಬಿತ್ತೇ ಇಲ್ಲವೇ. ಅದೇ ಸಾಲಿನಲ್ಲಿ ರಾಗಿಯ ದರ, ಊರಿನ ಮೊದಲ ಕೊಳವೆಬಾವಿ, ಶಾಲೆ ಬಿಟ್ಟ ಮಕ್ಕಳು, ಬೆಂಗಳೂರಿಗೆ ಗುಳೆ ಹೋದ ಮನೆಗಳು. ಪ್ರಕೃತಿ ಬೇರೆ, ಸಮಾಜ ಬೇರೆ ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಮಳೆ ಹೋದ ವರ್ಷವೇ ಮನೆಗಳಿಗೆ ಬೀಗ ಬಿದ್ದದ್ದನ್ನು ಅವರು ಕಂಡಿದ್ದರು, ಒಂದೇ ಸಾಲಿನಲ್ಲಿ ಬರೆದಿದ್ದರು.

ಅಪ್ಪ ಹೋದ ಮೇಲೆ ಊರಿನ ಮನೆ ಖಾಲಿ ಮಾಡಿದೆವು. ಹಳೆಯ ಪತ್ರಿಕೆಗಳ ಜೊತೆಗೆ ಆ ಏಳು ಪುಸ್ತಕಗಳನ್ನೂ ನಾನು ರದ್ದಿಗೆ ಹಾಕಿದೆ. ಕಿಲೋಗೆ ಎಂಟು ರೂಪಾಯಿ ಬಂತು. ತಕ್ಕಡಿ ಏರುವಾಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಏನೂ ಅನ್ನಲಿಲ್ಲ. ಎಂ.ಎ. ಓದಿದ ಮಗನಿಗೆ ಗೊತ್ತಿಲ್ಲದ್ದೇ ಎಂದುಕೊಂಡಿರಬೇಕು. ಸೂರ್ಯಗ್ರಹಣದಂದು ಯಾರೋ ದಾನ ಬಿಟ್ಟ ಎರಡು ಸಾಲಿನ ಶಾಸನವನ್ನು, ಅದರ ಕಾಲ ನಿರ್ಣಯಕ್ಕೆ ಗ್ರಹಣದ ಗಣಿತ ಹೇಗೆ ನೆರವಾಗುತ್ತದೆಂಬುದನ್ನು, ನಾನು ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಉಬ್ಬಿ ಉಬ್ಬಿ ಹೇಳುತ್ತಿದ್ದೇನೆ. ಕಲ್ಲಿನ ಮೇಲಿದ್ದರೆ ಮಾತ್ರ ನನಗೆ ಅಕ್ಷರ ಕಾಣುವುದೋ ಏನೋ!

ಶ್ರೀನಿವಾಸರ ಟಿಪ್ಪಣಿಗಳನ್ನು ಸುಡಲು ಕಿಡಿಗೇಡಿಗಳು ಬೇಕಾದರು. ನಮ್ಮಪ್ಪನವಕ್ಕೆ ನಾನೊಬ್ಬ ಸಾಕಾದೆ.

ವೇದಿಕೆಗೆ ಕರೆದಾಗ ಜೇಬಿನ ಕಾಗದ ತೆಗೆಯಲಿಲ್ಲ. “ಮೂರು ಶಾಸ್ತ್ರಗಳೂ ಬೇರೆ ಬೇರೆ. ಕಾದವರು, ಬರೆದಿಟ್ಟವರು, ಜೋಪಾನ ಮಾಡಿದವರು ಮಾತ್ರ ಒಂದೇ ಕುಲದವರು. ಅವರಿಗೆ ವಂದನೆ” ಎಂದು ಕುಳಿತೆ. ಇಷ್ಟು ಚಿಕ್ಕ ವಂದನಾರ್ಪಣೆ ನಮ್ಮ ಕಾಲೇಜಿನಲ್ಲಿ ಆಗಿರಲಿಲ್ಲವೆಂದು ಪ್ರಿನ್ಸಿಪಾಲರು ಸಂತೋಷಪಟ್ಟರು.

ಆ ರಾತ್ರಿ ಹೊಸ ಪುಸ್ತಕವೊಂದಕ್ಕೆ ಗೆರೆ ಹಾಕಿಕೊಂಡು ಅಮ್ಮನ ಮುಂದೆ ಕುಳಿತೆ. “ಅಮ್ಮ, ನಮ್ಮೂರ ಕೆರೆ ಕೋಡಿ ಬಿದ್ದದ್ದು ಯಾವಾಗ?” ಎಂದೆ.

“ನಿಮ್ಮಕ್ಕನ ಮೊದಲ ಬಾಣಂತನದಲ್ಲಿ. ನಿಮ್ಮ ಭಾವ ಏರಿ ಮೇಲೆ ನಿಂತು ನೋಡ್ತಾ ನೋಡ್ತಾ ಚಪ್ಪಲಿ ಕಳಕೊಂಡ್ರಲ್ಲ.”

ಅದು 1999. ಬರೆದುಕೊಂಡೆ. ಮೊದಲು ಗುಳೆ ಹೋದ ಮನೆ ಯಾರದು, ಮೊದಲ ಕೊಳವೆಬಾವಿಗೆ ಯಾರು ಕಾಯಿ ಒಡೆದರು, ಎಲ್ಲವೂ ಅವಳ ನಾಲಿಗೆಯ ಮೇಲಿತ್ತು. “ಆ ವರ್ಷ ರೋಹಿಣಿ ಮಳೆ ಯಾವತ್ತು ಬಂತು?” ಎಂದು ಕೇಳಿದಾಗ ಮಾತ್ರ ಬಹಳ ಹೊತ್ತು ಸುಮ್ಮನಿದ್ದಳು.

“ಅದೆಲ್ಲ ನಿಮ್ಮಪ್ಪಂಗೆ ಗೊತ್ತಿತ್ತು ಕಣಪ್ಪ. ನಂಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಬರೀಬೇಡ.”

ಮನುಷ್ಯರ ಸುದ್ದಿಯನ್ನು ನೆನಪು ಹೇಗೋ ಉಳಿಸಿಕೊಳ್ಳುತ್ತದೆ; ಮಳೆಯ ತಾರೀಖನ್ನು ಉಳಿಸಲು ಕಾಗದವೇ ಬೇಕು. ಆ ಕಾಗದ ಯಾವ ಊರಿನಲ್ಲಿ ಕಡಲೆಕಾಯಿಯ ಪೊಟ್ಟಣವಾಯಿತೋ! ಅಮ್ಮ ಹೇಳಿದಂತೆ ರೋಹಿಣಿಯ ಕೆಳಗಿನ ಜಾಗವನ್ನು ಖಾಲಿ ಬಿಟ್ಟೆ. ಮೂವತ್ತೆಂಟು ವರ್ಷದ ಜಾಗವೂ ಹಾಗೆಯೇ ಖಾಲಿ ಇದೆ. ಅದರ ಕೆಳಗೆ ಈ ವರ್ಷದ್ದನ್ನು ಬರೆಯಲು ಆರಂಭಿಸಿದ್ದೇನೆ. ನಿನ್ನೆ ಸಂಜೆ ಒಂದು ಹದ ಮಳೆಯಾಯಿತು.