ನೆಲದಡಿಯ ಕಡಲು

ವರ್ಷಾರಂಭದ ತಿಂಗಳುಗಳಲ್ಲಿ, ಹುಣ್ಣಿಮೆ ಅಮಾವಾಸ್ಯೆಗಳ ಮಹಾ ಉಬ್ಬರ ಬಂದಾಗ, ಪೆಸಿಫಿಕ್ ಮಹಾಸಾಗರದ ತುವಾಲು ದೇಶದಲ್ಲಿ ಒಂದು ವಿಚಿತ್ರ ನಡೆಯುತ್ತದೆ. ರಾಜಧಾನಿ ಫುನಾಫುಟಿಯಲ್ಲಿ, ದಂಡೆಯಿಂದ ದೂರದ ಹುಲ್ಲಿನ ನಡುವೆ, ಉಪ್ಪುನೀರು ಬುಗ್ಗೆಯಾಗಿ ಮೇಲೇಳುತ್ತದೆ. ಗಾಳಿಯಿಲ್ಲ, ಮಳೆಯಿಲ್ಲ, ಆಕಾಶ ತಿಳಿಯಾಗಿರುವಾಗಲೇ ಮನೆಯಂಗಳ ಕೆರೆಯಾಗುತ್ತದೆ.

ಕಾರಣವು ಆ ನೆಲದ ಹುಟ್ಟಿನಲ್ಲಿಯೇ ಇದೆ. ಆಸ್ಟ್ರೇಲಿಯ ಹಾಗೂ ಹವಾಯಿಗಳ ನಡುವಣ ಈ ಒಂಬತ್ತು ದ್ವೀಪಗಳ ಒಟ್ಟು ವಿಸ್ತೀರ್ಣ ಸುಮಾರು 26 ಚದರ ಕಿಲೋಮೀಟರ್. (ತುವಾಲು ಎಂದರೆ 'ಜೊತೆಗೆ ನಿಂತ ಎಂಟು', ಒಂಬತ್ತನೆಯದರಲ್ಲಿ ಹಿಂದೆ ಜನವಸತಿಯಿರಲಿಲ್ಲ.) ಲಕ್ಷದ್ವೀಪಗಳಂತೆ ಇವೂ ಹವಳದ ಹುಳುಗಳು ಕಟ್ಟಿದ ನಾಡು. ಫುನಾಫುಟಿ ಅಲ್ಲಲ್ಲಿ ಮುರಿದ ಬಳೆಯಂತಿದೆ: ಒಳಗೆ 275 ಚದರ ಕಿಲೋಮೀಟರಿನ ನೀಲಿ ಒಳಗಡಲು, ಅಂಚಿನಲ್ಲಿ ಎರಡೂವರೆ ಚದರ ಕಿಲೋಮೀಟರಿಗೂ ಕಡಮೆ ನೆಲ. ಕುಸಿಯುತ್ತಿರುವ ಜ್ವಾಲಾಮುಖಿಯ ಸುತ್ತ ಹವಳ ಬೆಳೆದು ಇಂಥ ಉಂಗುರವಾಗುತ್ತದೆಂದು ಡಾರ್ವಿನ್ 1842ರಲ್ಲಿ ಬರೆದನು. ಆ ವಾದವನ್ನು ಒರೆಗೆ ಹಚ್ಚಲು ಲಂಡನ್ನಿನ ರಾಯಲ್ ಸೊಸೈಟಿಯು 1896ರಿಂದ 1898ರವರೆಗೆ ಇಲ್ಲಿಯೇ ನೆಲವನ್ನು ಕೊರೆಯಿಸಿತು. 1,114 ಅಡಿ ಇಳಿದರೂ ಜ್ವಾಲಾಮುಖಿಯ ಶಿಲೆ ಸಿಗಲಿಲ್ಲ. ಹವಳ ಕಟ್ಟಿದ ಕಲ್ಲೇ ಮುಗಿಯಲಿಲ್ಲ. ಜರಡಿಯಂಥ ಆ ಕಲ್ಲಿನೊಳಗೆ ಕಡಲು ಸರಾಗವಾಗಿ ಹೋಗಿಬರುತ್ತದೆ. ದಂಡೆಯ ಗೋಡೆ ಅಲೆಯನ್ನು ತಡೆದೀತು; ಅಡಿಯಿಂದ ಬರುವುದನ್ನು ತಡೆಯುವವರಾರು?

ಇಲ್ಲಿ ನದಿಯಿಲ್ಲ. ಮರಳಿನಲ್ಲಿ ಇಂಗಿದ ಮಳೆನೀರು ಹಗುರವಾದುದರಿಂದ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಆ ಪದರ ಸಿಗುವವರೆಗೆ ಹೊಂಡ ತೋಡಿ, ಎಲೆಗೊಬ್ಬರ ತುಂಬಿ, ಕೆಸುವಿನ ಜಾತಿಯ 'ಪುಲಕ' ಎಂಬ ದೊಡ್ಡ ಗಡ್ಡೆಯನ್ನು ತಲೆಮಾರುಗಳಿಂದ ಬೆಳೆದಿದ್ದಾರೆ. ಉಪ್ಪು ಏರಿದರೆ ಗಡ್ಡೆ ಕೊಳೆಯುತ್ತದೆ. ಅನೇಕ ಹೊಂಡಗಳು ಹೀಗೆ ಹಾಳುಬಿದ್ದು, ಹಡಗಿನಲ್ಲಿ ಬಂದ ಅಕ್ಕಿ ಒಲೆಯೇರಿದೆ. ಕುಡಿಯಲು ಮಾಡಿನಿಂದಿಳಿದ ಮಳೆನೀರೇ ಗತಿ. 2011ರಲ್ಲಿ ಮಳೆ ಕೈಕೊಟ್ಟಾಗ ಸರಕಾರ ತುರ್ತುಪರಿಸ್ಥಿತಿಯನ್ನೇ ಸಾರಬೇಕಾಯಿತು.

ಎಲ್ಲ ತಪ್ಪನ್ನೂ ಕಡಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ವಿಮಾನದ ರನ್‌ವೇಗಾಗಿ ನೆಲವನ್ನೇ ಅಗೆದು ತೆಗೆಯಿತು. ಆ ಹಳ್ಳಗಳು ಕೊಳಕುನೀರು, ಕಸಗಳ ಮಡುವಾಗಿ ಉಳಿದು, 2015ರಲ್ಲಷ್ಟೇ ಒಳಗಡಲಿನ ಮರಳಿನಿಂದ ಮುಚ್ಚಿದವು. 1971ರಿಂದ 2014ರವರೆಗೆ ದೇಶದ ಒಟ್ಟು ನೆಲ ಕುಗ್ಗದೆ ತುಸು ಹಿಗ್ಗಿತೆಂದೂ 2018ರ ಅಧ್ಯಯನವೊಂದು ತೋರಿಸಿದೆ. ಅಲೆಗಳು ಹವಳದ ಚೂರುಗಳನ್ನು ತಂದು ದಂಡೆಗೆ ಸುರಿಯುತ್ತವೆ. ಆದರೆ ದಂಡೆ ಬೆಳೆದ ಮಾತ್ರಕ್ಕೆ ಹೊಂಡದ ನೀರು ಸಿಹಿಯಾಗದು.

2023ರ ಒಪ್ಪಂದದಂತೆ ವರ್ಷಕ್ಕೆ 280 ಮಂದಿ ಆಸ್ಟ್ರೇಲಿಯದಲ್ಲಿ ನೆಲೆಸಬಹುದು. ದೇಶದ ಜನಸಂಖ್ಯೆ ಹತ್ತು-ಹನ್ನೊಂದು ಸಾವಿರ. 2025ರ ಮೊದಲ ಚೀಟಿಗೆ ಕುಟುಂಬದವರೂ ಸೇರಿ ಎಂಟು ಸಾವಿರಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಅತ್ತ ಫುನಾಫುಟಿಯಲ್ಲಿ, ಯುದ್ಧಕಾಲದ ಅದೇ ರನ್‌ವೇ ಸಂಜೆಯ ಹೊತ್ತು ಊರಿಗೆಲ್ಲ ಆಟದ ಬಯಲು. ವಿಮಾನ ಬರುವ ಮುನ್ನ ಸೈರನ್ ಕೂಗುತ್ತದೆ. ಜನ ಬದಿಗೆ ಸರಿದು ನಿಲ್ಲುತ್ತಾರೆ.